ಕಬ್ಬಿಣದ ಪರದೆಗೆ ಹಗ್ಗವಿರಲಿಲ್ಲ

ಮಾರ್ಚ್ ೨, ಸೋಮವಾರ

ಚಕ್ರವರ್ತಿ ಸಿಂಹಾಸನ ಏರುವ ಮುನ್ನ ಗಂಟಲು ಸರಿಮಾಡಿಕೊಳ್ಳಬೇಕು. ನಾನೂ ಬೆಳಿಗ್ಗೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಗಂಟಲು ತೊಳೆದು, ಸರಿಯಾಗಿ ಆರು ನಲವತ್ತಕ್ಕೆ ಮೈಕಿನ ಮುಂದೆ ಆಸೀನನಾದೆ. ‘ಆ ದಿನ, ಈ ದಿನ’ ಎಂದು ನಾನು ಗುಡುಗಿದರೆ ಊರಿನ ಒಲೆಗಳ ಮೇಲೆ ಹಾಲು ತಾನಾಗಿ ಉಕ್ಕುತ್ತದೆ ಎಂದು ಅಕ್ಕ ಹೇಳುತ್ತಾಳೆ. ಹೊಗಳಿಕೆಯೋ ಕುಹಕವೋ ಗೊತ್ತಿಲ್ಲ. ನಾನು ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಐದೇ ನಿಮಿಷದ ಕಾರ್ಯಕ್ರಮ. ಆ ಐದು ನಿಮಿಷದಲ್ಲಿ ಇಂದು ಒಂದು ಹಡಗು ಮುಳುಗಿತು, ಒಂದು ಒಪ್ಪಂದಕ್ಕೆ ರುಜು ಬಿತ್ತು, ಒಬ್ಬ ಖಗೋಳಜ್ಞ ಹುಟ್ಟಿದ, ಒಬ್ಬ ಸೇನಾಪತಿ ಹುಟ್ಟಿದ. ಶತಮಾನ ಬೇರೆ ಬೇರೆ, ತಾರೀಖು ಒಂದೇ. ಒಬ್ಬರ ಮುಖ ಒಬ್ಬರು ಕಾಣದವರನ್ನೆಲ್ಲ ಒಂದೇ ರಂಗದ ಮೇಲೆ ತಂದು ನಿಲ್ಲಿಸುವ ಸೂತ್ರಧಾರ ನಾನು. ಮೇಜಿನ ಮೇಲಿನ ಮರದ ಪೆಟ್ಟಿಗೆಯಲ್ಲಿ ದಿನಕ್ಕೊಂದರಂತೆ ಮುನ್ನೂರ ಅರವತ್ತಾರು ಚೀಟಿಗಳಿವೆ. ನಾಟಕದ ಕಾಲ ಮುಗಿದು ಈ ರೇಡಿಯೊ ನಿಲಯಕ್ಕೆ ಸೇರಿದ ಮೇಲೆ, ಹನ್ನೊಂದು ವರ್ಷದಿಂದ ನನ್ನ ಕೈಯಾರೆ ಬರೆದವು.

ಇಂದು ಯಜಮಾನರು, ಅಂದರೆ ನಿಲಯದ ಮುಖ್ಯಸ್ಥರು, ಹೊಸಬಳೊಬ್ಬಳನ್ನು ತಂದು ನನ್ನ ಎದುರಿಗೇ ಕೂರಿಸಿದರು. ವಯಸ್ಸು ಮೂವತ್ತರ ಒಳಗೆ, ಕನ್ನಡಕ ದಪ್ಪ, ಮಾತು ಅಳೆದು ಸುರಿದ ಹಾಗೆ. ತಪ್ಪು ನನ್ನದೇ. ಕಳೆದ ತಿಂಗಳು ಒಬ್ಬ ಚದುರಂಗದ ಆಟಗಾರನನ್ನು ‘ದಿವಂಗತ’ ಎಂದೆ. ಆತ ತಿಂಡಿ ತಿನ್ನುತ್ತ ಕೇಳಿಸಿಕೊಂಡು ಫೋನು ಮಾಡಿದ. ಹಾಗಾಗಿ ಇನ್ನು ಮೇಲೆ ಚೀಟಿಯ ಪ್ರತಿ ಸಾಲಿಗೂ ಎರಡೆರಡು ಸಾಕ್ಷಿ ಬೇಕಂತೆ, ಹುಡುಕಿ ಬರೆಯುವುದು ಇವಳ ಕೆಲಸವಂತೆ. ನಾನು ಇವಳಿಗೆ ‘ಎರಡು ಸಾಕ್ಷಿ’ ಎಂದೇ ಹೆಸರಿಟ್ಟಿದ್ದೇನೆ. ಸಂಜೆಯೊಳಗೆ ಇಡೀ ನಿಲಯ ಹಾಗೆಯೇ ಕರೆಯತೊಡಗಿತು. ನನ್ನನ್ನು ಇವರು ‘ಮಹಾರಾಜ’ ಎನ್ನುವುದಿಲ್ಲವೇ? ರಂಗದ ಮೇಲೆ ನಾನು ರಾಜನನ್ನು ಬಿಟ್ಟು ಬೇರೇನೂ ಆಡಿದವನಲ್ಲ.

ಮಾರ್ಚ್ ೪, ಬುಧವಾರ

ಕಹಳೆ ಮೊಳಗಲಿ. ಸುಟ್ಟುಹೋದ ನಾಟಕ ಮಂದಿರದ ಜಾಗದಲ್ಲಿ ಹೊಸ ಮಂದಿರ ಎದ್ದಿದೆ. ಈ ಹತ್ತೊಂಬತ್ತಕ್ಕೆ, ಬೆಂಕಿ ಬಿದ್ದು ನಲವತ್ತು ವರ್ಷ ತುಂಬುವ ದಿನವೇ, ಪ್ರಾರಂಭ. ಬಾಗಿಲ ಬಳಿ ಕಲ್ಲಿನ ಫಲಕ. ಅದರಲ್ಲಿ, ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ನಮ್ಮಪ್ಪನ ಹೆಸರು. ಫಲಕದ ಮುಸುಕು ತೆಗೆಯುವವಳು ಅಕ್ಕ. ಮಂದಿರದ ಸಮಿತಿಯವರು ನನ್ನ ಚೀಟಿಯ ಮಾತನ್ನೇ ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ.

ಚೀಟಿಯನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ, ಓದಿದಷ್ಟೂ ರೋಮಾಂಚನ: “ಮಾರ್ಚ್ ಹತ್ತೊಂಬತ್ತು. ಮಧ್ಯಾಹ್ನದ ಆಟ ನಡೆಯುತ್ತಿದ್ದಾಗ ನಾಟಕ ಮಂದಿರ ಹೊತ್ತಿ ಉರಿಯಿತು. ರಂಗಕ್ಕೂ ಜನರಿಗೂ ನಡುವೆ ಬೆಂಕಿ ತಡೆಯುವ ಕಬ್ಬಿಣದ ಪರದೆಯನ್ನು, ಪರದೆ ಎಳೆಯುವಾತ ಒಬ್ಬನೇ ಹಗ್ಗ ಹಿಡಿದು ಇಳಿಸಿದ. ಇನ್ನೂರು ಜೀವ ಉಳಿದವು. ವಿಧಿಯ ಲೀಲೆ ನೋಡಿ, ಆ ವೀರ ಜನಿಸಿದ್ದೂ ಇದೇ ಮಾರ್ಚ್ ಹತ್ತೊಂಬತ್ತರಂದು.”

ಹನ್ನೊಂದು ಸಲ ಓದಿದ್ದೇನೆ. ಹನ್ನೊಂದು ಸಲವೂ ಮರುದಿನ ಒಂದು ಅಂಚೆ ಕಾರ್ಡು ಬಂದಿದೆ. ವಿಳಾಸವಿಲ್ಲ, ರುಜುವಿಲ್ಲ, ಮಸಿಯಲ್ಲಿ ಬಿದ್ದ ಇರುವೆ ಎದ್ದು ನಡೆದಂಥ ಅಕ್ಷರ. ಪ್ರತಿ ಸಲವೂ ಒಂದೇ ಸಾಲು: “ಕಬ್ಬಿಣದ ಪರದೆಗೆ ಹಗ್ಗವಿರಲಿಲ್ಲ.” ತಲೆಕೆಟ್ಟವರು ಎಲ್ಲ ಊರಿನಲ್ಲೂ ಇರುತ್ತಾರೆ. ಕಾರ್ಡುಗಳನ್ನು ನಾಟಕದ ಕಾಲದ ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ. ಏಕೆ ಹರಿದು ಹಾಕಲಿಲ್ಲವೋ.

ಸಂಜೆ ಅಕ್ಕನ ಮನೆಗೆ ಹೋದರೆ ಅವಳು ಕಿಟಕಿಯ ಬಟ್ಟೆ ಎಳೆದೆಳೆದು ಮುಸುಕು ತೆಗೆಯುವ ಅಭ್ಯಾಸ ಮಾಡುತ್ತಿದ್ದಳು. ಎರಡು ಕೊಂಡಿ ಕಿತ್ತುಹೋಗಿವೆ.

ಮಾರ್ಚ್ ೬, ಶುಕ್ರವಾರ

ಎರಡು ಸಾಕ್ಷಿ ಹತ್ತೊಂಬತ್ತರ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು ತನ್ನ ಮೇಜಿನ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಬಾಯಿಂದ ಹಲ್ಲು ಕಿತ್ತು ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತದೆ.

ಈ ಸಾಲಿಗೆ ಸಾಕ್ಷಿ ಯಾರು ಎಂದು ಕೇಳಿದಳು. ನಾನೇ ಸಾಕ್ಷಿ, ಆ ಮಧ್ಯಾಹ್ನ ರಾಜನ ವೇಷದಲ್ಲಿ ರಂಗದ ಮೇಲಿದ್ದವನು ನಾನು, ಎಂದೆ. ಎದೆ ಮುಂದೆ ಬಂತು, ದನಿ ತಾನಾಗಿ ಕೆಳಗಿಳಿಯಿತು. ಅವಳ ಪೆನ್ಸಿಲು ಮಾತ್ರ ಅಲುಗಲಿಲ್ಲ.

“ಪರದೆ ಇಳಿಯುವಾಗ ನೀವು ಯಾವ ಕಡೆ ಇದ್ರಿ ಸಾರ್? ಬೆಂಕಿ ಕಡೆನೋ, ಜನರ ಕಡೆನೋ?”

“ನಟ ಯಾವತ್ತೂ ಜನರ ಕಡೆ ಕಣಮ್ಮ.”

ಎಂಥ ಉತ್ತರ. ಚಪ್ಪಾಳೆ ಬೀಳಬೇಕಿತ್ತು. ಅವಳು ಅದನ್ನು ಬರೆದುಕೊಂಡಳು. ಆಮೇಲೆ ಹುಟ್ಟಿದ ದಿನದ ಸಾಲಿನ ಮೇಲೆ ಬೆರಳಿಟ್ಟು, ಹುಟ್ಟಿದ್ದೂ ಹತ್ತೊಂಬತ್ತು, ಹೆಸರಾಗಿದ್ದೂ ಹತ್ತೊಂಬತ್ತೇ ಎಂದು ಗೊಣಗಿ, “ತಾರೀಖುಗಳಿಗೆ ನಾಟಕ ಗೊತ್ತಿರಲ್ಲ ಸಾರ್. ಇಷ್ಟು ಚೆನ್ನಾಗಿ ಕೂಡಿಬಂದ್ರೆ ನನಗೆ ಭಯ” ಎಂದಳು.

ಅನುಮಾನ ಎಂಬುದು ಸಣ್ಣ ಮನಸ್ಸಿನ ದೊಡ್ಡ ರೋಗ. ಊಟ ಸೇರಲಿಲ್ಲ. ಬಿಸಿಲು ಹೆಚ್ಚಾಗಿರಬೇಕು.

ಮಾರ್ಚ್ ೯, ಸೋಮವಾರ

ಸಮಿತಿಯವರಿಗೆ ನಿಲಯದಿಂದ ಲಿಖಿತ ದೃಢೀಕರಣ ಬೇಕಂತೆ. ಕಲ್ಲು ಕೆತ್ತುವವನು ಕಾಯುತ್ತಿದ್ದಾನಂತೆ. ಎರಡು ಸಾಕ್ಷಿ, “ಇನ್ನೂ ಹುಡುಕ್ತಿದೀನಿ” ಎಂದಳು. ಯಜಮಾನರು ಅವಳನ್ನು ದಾಟಿ ಕಾಗದವನ್ನು ನನ್ನ ಕೈಗೇ ಕೊಟ್ಟರು. “ಮೇಲಿನ ವಿವರ ಸತ್ಯವೆಂದು ಕಣ್ಣಾರೆ ಬಲ್ಲೆನು.” ಕೆಳಗೆ ಗೆರೆ. ಪೆನ್ನು ತೆಗೆದು, ರಾಜಮುದ್ರೆ ಒತ್ತುವವನ ಹಾಗೆ ರುಜು ಹಾಕಿದೆ. ಎಂದಿನ ಬಾಲ, ಎಂದಿನ ಸುಳಿ, ಕೊನೆಗೆ ಎರಡು ಚುಕ್ಕೆ.

ಎರಡನೆಯ ಚುಕ್ಕೆ ಇಡುವಾಗ ನಿಬ್ಬು ಕಾಗದವನ್ನು ತೂತು ಮಾಡಿತು.

ಮಾರ್ಚ್ ೧೦, ಮಂಗಳವಾರ

ಅಪ್ಪನ ಹುಟ್ಟಿದ ದಿನಕ್ಕಾದರೂ ಇನ್ನೊಂದು ಸಾಕ್ಷಿ ಸಿಕ್ಕೀತೆಂದು ಅಕ್ಕನ ಬಳಿ ಹೋದೆ. ಅಕ್ಕ ನನಗಿಂತ ಐದು ವರ್ಷ ಹಿರಿಯಳು, ಅಮ್ಮ ಹೋದ ಮೇಲೆ ಅಪ್ಪನಿಗೂ ನನಗೂ ಬೇಯಿಸಿ ಹಾಕಿದವಳು. ಬಟಾಣಿ ಸುಲಿಯುತ್ತ ಕೂತಿದ್ದಳು.

“ಅಪ್ಪ ಹುಟ್ಟಿದ ತಾರೀಖು ಅಪ್ಪಂಗೇ ಗೊತ್ತಿರ್ಲಿಲ್ಲ. ಓಣಿಯ ಬಾವಿ ತೋಡಿದ ವಾರ ಅಂತಿದ್ದ. ನೀನು ರೇಡಿಯೊದಲ್ಲಿ ಹೇಳಿದ ಮೇಲೇ ಅಲ್ವೇನೋ ನನಗೂ ತಿಳಿದಿದ್ದು?”

“ಹಂಗಾದ್ರೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?”

“ನಿನ್ನ ಬಾಯಲ್ಲಿ ಚೆನ್ನಾಗಿ ಕೇಳಿಸ್ತು.”

ಬೇರೇನೋ ಹೇಳುವವಳಂತೆ ನನ್ನ ಮುಖ ನೋಡಿದಳು. ಆಮೇಲೆ ಸಿಪ್ಪೆ ಚೆಲ್ಲಲು ಎದ್ದು ಹೋದಳು.

ಮಾರ್ಚ್ ೧೧, ಬುಧವಾರ

ಎರಡು ಸಾಕ್ಷಿ ಅಗ್ನಿಶಾಮಕ ದಳದ ಕಚೇರಿಯಿಂದ ಹಳೆಯ ವರದಿಯ ನಕಲು ತಂದಿದ್ದಾಳೆ. ಅದರಲ್ಲಿ ಒಂದು ಫೋಟೊ. ಕರಕಲು ಗೋಡೆ, ಗೋಡೆಗೆ ಒಂದು ಕಬ್ಬಿಣದ ಚಕ್ರ, ಚಕ್ರದಿಂದ ಮೇಲಕ್ಕೆ ಹೋದ ಸರಪಳಿ.

ಹಗ್ಗವಿಲ್ಲ.

ನಾನು ಕೆಮ್ಮಿದೆ. ಅವಳು ನೀರು ತಂದುಕೊಟ್ಟಳು. ಬೈದಿದ್ದರೆ ಎದುರುಮಾತು ಸಿದ್ಧವಿತ್ತು.

ಮಾರ್ಚ್ ೧೨, ಗುರುವಾರ

ಓದಿದೆ. ಇಂದು ಯಾರು ಹುಟ್ಟಿದರೆಂದು ನೆನಪಿಲ್ಲ.

ಮಾರ್ಚ್ ೧೩, ಶುಕ್ರವಾರ

ಈ ಪುಸ್ತಕವನ್ನು ನಾನಲ್ಲದೆ ಯಾರೂ ಓದುವುದಿಲ್ಲ. ಆದರೂ ಇದರಲ್ಲೂ ವೇಷ ಹಾಕಿಕೊಂಡೇ ಬರೆಯುತ್ತ ಬಂದಿದ್ದೇನೆ.

ಆ ದಿನ ಮೂರನೆಯ ಅಂಕ. ಬಲಗಡೆಯ ಪಕ್ಕದ ಪರದೆಯ ಹಿಂದಿನಿಂದ ಹೊಗೆ ಬಂತು. ದೀಪದವನು ಹೊಸ ತಂತ್ರ ಮಾಡಿದ್ದಾನೆಂದು ತಿಳಿದು ನಾನು ಇನ್ನೂ ಎರಡು ಸಾಲು ಹೇಳಿದೆ. ಆಮೇಲೆ ಬಿಸಿ ತಗುಲಿತು. ರಂಗದಿಂದ ಹಾರಿದೆ. ಜನರ ನಡುವೆ, ಜನರಿಗಿಂತ ಮುಂದೆ ಓಡಿದೆ. ಬಾಗಿಲಲ್ಲಿ ಯಾರನ್ನೋ ತಳ್ಳಿದೆ. ಹೆಂಗಸು ಎಂದು ನೆನಪು. ಬೀದಿಗೆ ಬಂದು ನಿಂತಾಗ ತಲೆಯ ಮೇಲೆ ರಟ್ಟಿನ ಕಿರೀಟ ಇನ್ನೂ ಇತ್ತು. ಪಕ್ಕಕ್ಕೆ ತಿರುಗಿದರೆ ಅಪ್ಪ. ನನಗಿಂತ ಮೊದಲೇ ಬಂದು ನಿಂತಿದ್ದ. ಅಷ್ಟರಲ್ಲಿ ಒಳಗೆ ಧಡಾರೆಂದು ಕಬ್ಬಿಣದ ಪರದೆ ಬಿದ್ದ ಸದ್ದಾಯಿತು. ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. ನಾನು ಅಪ್ಪನನ್ನು ನೋಡಲಿಲ್ಲ.

ಹಾಗಾದರೆ ಇಳಿಸಿದ್ದು ಯಾರು? ನಲವತ್ತು ವರ್ಷ ನಾನು ಇದನ್ನು ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಆಮೇಲೆ ಆರು ವರ್ಷ ಬದುಕಿದ್ದ, ಬೆಂಕಿಯ ಮಾತು ಎತ್ತಲಿಲ್ಲ. ಮೊದಲ ವರ್ಷ ಚೀಟಿ ಬರೆಯುವಾಗ ಹತ್ತೊಂಬತ್ತಕ್ಕೆ ಒಂದು ಜನ್ಮದಿನ ಕಡಿಮೆ ಬಿತ್ತು. ಪರದೆ ಇಳಿಸಿದವರ ಜಾಗವೂ ಖಾಲಿ ಇತ್ತು. ರಂಗದ ಮೇಲೆ ಎದುರಿನವನು ಮಾತು ಮರೆತರೆ ನಾವು ಕಟ್ಟಿ ತುಂಬುತ್ತೇವೆ. ಹಾಗೆ ಎರಡಕ್ಕೂ ಅಪ್ಪನನ್ನು ತುಂಬಿದೆ.

ಮಧ್ಯಾಹ್ನ ಬಣ್ಣದ ಪೆಟ್ಟಿಗೆ ತೆಗೆದುಕೊಂಡು ಹೋಗಿ ಹನ್ನೊಂದು ಕಾರ್ಡನ್ನೂ ಎರಡು ಸಾಕ್ಷಿಯ ಮೇಜಿನ ಮೇಲೆ ಇಟ್ಟೆ. ಅವಳು ಒಂದೊಂದನ್ನೇ ತಿರುಗಿಸಿ ಅಂಚೆಯ ಮುದ್ರೆ ನೋಡಿದಳು. ಎಲ್ಲವೂ ಹಳೆ ಮಾರುಕಟ್ಟೆಯ ಅಂಚೆ ಕಚೇರಿಯವು. ವರದಿಯ ಕೊನೆಯ ಪುಟ ತೆಗೆದು ನನ್ನ ಕಡೆ ತಿರುಗಿಸಿದಳು: “ಗಾಯಾಳು ಒಬ್ಬರು. ಕಂಪನಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಎರಡೂ ಅಂಗೈ.”

ಹೊಲಿಗೆಯಮ್ಮ. ನನ್ನ ರಾಜವಸ್ತ್ರಗಳನ್ನೆಲ್ಲ ಹೊಲಿದವಳು.

ಮಾರ್ಚ್ ೧೫, ಭಾನುವಾರ

ಎರಡು ಸಾಕ್ಷಿ ಅಂಚೆಯವನನ್ನು ಕೇಳಿ ಮನೆ ಪತ್ತೆ ಮಾಡಿದ್ದಳು. ನಾನೊಬ್ಬನೇ ಹೋದೆ. ಮಾರುಕಟ್ಟೆಯ ಹಿಂದಿನ ಓಣಿ, ಮೆಟ್ಟಿಲ ಕೆಳಗಿನ ಎರಡು ಕೋಣೆ, ಕಿಟಕಿಯ ಪಕ್ಕ ಒಂದು ಮೇಜು, ಮೇಲೆ ಯಾರದೋ ಲಂಗದ ಅಂಚು ಅರ್ಧ ಹೊಲಿದದ್ದು. ಬಾಗಿಲಲ್ಲಿ ನಿಂತು ಹೆಸರು ಹೇಳಲು ಬಾಯಿ ತೆರೆದೆ.

“ಮೆಲ್ಲಗೆ ಮಾತಾಡಪ್ಪ, ಇಲ್ಲಿ ಮೈಕಿಲ್ಲ” ಎಂದಳು. ಎಪ್ಪತ್ತೆಂಟರ ಹೆಂಗಸು. ನಾನು ಗಂಟಲು ಸರಿಮಾಡಿಕೊಂಡ ಸದ್ದಿಗೇ ಗುರುತು ಹಿಡಿದಿದ್ದಳು.

ಅವಳ ಕೈ ನೋಡಿದೆ. ಅಂಗೈಯ ಚರ್ಮ ಮೇಣ ಕರಗಿ ಹೆಪ್ಪುಗಟ್ಟಿದ ಹಾಗಿದೆ. ಬೆರಳುಗಳು ಪೂರ್ತಿ ಮಡಚುವುದಿಲ್ಲ, ಪೂರ್ತಿ ಬಿಚ್ಚುವುದೂ ಇಲ್ಲ. ಚಕ್ರದ ಕೊಂಡಿ ಸಿಕ್ಕಿಕೊಂಡಿತ್ತಂತೆ. ಕೊಡವಿ ಬಿಡಿಸಿ ತಿರುಗಿಸುವಷ್ಟರಲ್ಲಿ ಕಬ್ಬಿಣ ಕಾದಿತ್ತಂತೆ. ಕೈ ಬಿಟ್ಟರೆ ಪರದೆ ಅರ್ಧಕ್ಕೆ ನಿಲ್ಲುತ್ತಿತ್ತು, ಅದಕ್ಕೇ ಬಿಡಲಿಲ್ಲವಂತೆ. ಆಮೇಲೆ ಬಟ್ಟೆ ಕೋಣೆಯ ಹಿಂಬಾಗಿಲಿಂದ ಹೊರಬಿದ್ದಳಂತೆ. ನಿನ್ನೆ ಸಂತೆಯಿಂದ ಏನೇನು ತಂದೆನೆಂದು ಹೇಳುವ ಹಾಗೆ ಹೇಳಿದಳು.

ಅಪ್ಪ ಓಡಿದ್ದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

“ನೋಡಿದ್ನಲ್ಲ. ಬೆಂಕಿ ಕಂಡ್ರೆ ಕಾಲಿಗೆ ಬುದ್ಧಿ ಹೇಳದೆ ಇರೋರು ಯಾರು? ಅದಕ್ಕೆ ನನಗೆ ಸಿಟ್ಟಿಲ್ಲ. ನೀನು ಹಗ್ಗ ಅಂದೆ ನೋಡು, ಅದು ತಡೀಲಿಲ್ಲ. ಹಗ್ಗ ಆಗಿದ್ರೆ ನನ್ನ ಕೈ ಹೀಗ್ಯಾಕೆ ಆಗ್ತಿತ್ತು?”

ನಲವತ್ತು ನಾಟಕದ ಮಾತು ಬಾಯಿಪಾಠ ಇರುವ ನಾನು ಆ ಅರ್ಧ ಹೊಲಿದ ಲಂಗದ ಅಂಚನ್ನೇ ನೋಡುತ್ತ ಕೂತೆ.

ಆಗ ಅವಳು ಮೇಜಿನ ಮೇಲಿದ್ದ ಸೂಜಿ ಚುಚ್ಚುವ ದಿಂಬನ್ನು ನನ್ನ ಕಡೆ ತಳ್ಳಿದಳು. ಹಳೆಯ ಕೆಂಪು ದಿಂಬು, ಒಂದೆರಡು ಸೂಜಿ ಮಾತ್ರ ದಾರದೊಂದಿಗೆ ನಿಂತಿದ್ದವು. ಇದು ನಿಮ್ಮಪ್ಪ ತಂದಿದ್ದು ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಸೂಜಿಯನ್ನು ಹೇಗೋ ಹಿಡಿದು ಹೊಲಿಯುವುದನ್ನು ಮತ್ತೆ ಕಲಿತಳು. ಆದರೆ ಸೂಜಿಯ ಕಣ್ಣಿಗೆ ದಾರ ಪೋಣಿಸುವುದು ಮಾತ್ರ ಬೆರಳಿಗೆ ಒಗ್ಗಲಿಲ್ಲ. ಒಂದು ಭಾನುವಾರ ಅಪ್ಪ ಬಂದ. ಕ್ಷಮಿಸು ಅನ್ನಲಿಲ್ಲವಂತೆ. ಕೂತು ಮೂವತ್ತು ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋದ. ಒಂದು ವಾರಕ್ಕೆ ಆಗುವಷ್ಟು. ಮುಂದಿನ ಭಾನುವಾರ ಮತ್ತೆ ಬಂದ. ಆರು ವರ್ಷ. ಒಂದು ಭಾನುವಾರ ಬರಲಿಲ್ಲ, ಆಗಲೇ ಅವಳಿಗೆ ಗೊತ್ತಾಯಿತಂತೆ ಅವನು ಹೋದನೆಂದು.

ಭಾನುವಾರ ಬೆಳಿಗ್ಗೆ ಅಪ್ಪ ಎಲ್ಲಿ ಹೋಗುತ್ತಾನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಇಸ್ಪೀಟು ಆಡಲು ಎಂದುಕೊಂಡಿದ್ದೆ.

ಈಗ ಯಾರು ಪೋಣಿಸಿಕೊಡುತ್ತಾರೆ ಎಂದೆ. “ಓಣೀಲಿ ಹೋಗೋರನ್ನ ಕರೀತೀನಿ. ಅಂಚೆಯವನು ಎರಡು ಮಾಡ್ತಾನೆ, ಆಮೇಲೆ ಹೊತ್ತಾಯ್ತು ಅಂತಾನೆ.”

ಮಾರ್ಚ್ ೧೬, ಸೋಮವಾರ

ಅಕ್ಕನಿಗೆ ಎಲ್ಲ ಹೇಳಿದೆ. ನಿಂತು ಹೇಳಲು ಹೋದೆ, ಆಗಲಿಲ್ಲ. ಕೂತು ಹೇಳಿದೆ.

ಅವಳು ಅಳಲಿಲ್ಲ. “ಆ ದಿನ ಅಪ್ಪನ ಅಂಗಿ ಒಗೆದಿದ್ದು ಯಾರು ಅಂದ್ಕೊಂಡಿದೀಯ? ಊರೆಲ್ಲ ಹೊಗೆ ವಾಸನೆ ಹೊಡೀತಿತ್ತು. ಅಂಗೀಲಿ ಬೆವರು ಬಿಟ್ರೆ ಏನಿರ್ಲಿಲ್ಲ. ನನಗೆ ಅವತ್ತೇ ಗೊತ್ತು.”

ನಲವತ್ತು ವರ್ಷ ಅವಳು ನುಂಗಿಕೊಂಡಿದ್ದಳು. ನಾನು ಸುಳ್ಳು ಹೇಳಿದ ಮೇಲೆ ಅದನ್ನೇ ಸತ್ಯವೆಂದುಕೊಳ್ಳಲು ಹನ್ನೊಂದು ವರ್ಷ ಹೆಣಗಿದ್ದಳಂತೆ, ಈಚೆಗೆ ಅರ್ಧ ನಂಬಿಯೂ ಬಿಟ್ಟಿದ್ದಳಂತೆ. “ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯೋನು ನೀನು. ನಮ್ಮ ಬೀದಿಗೆಲ್ಲ ಹೇಳಿದೀನಲ್ಲೋ, ಗುರುವಾರ ಬನ್ನಿ ಅಂತ.”

ಸೂಜಿಯ ವಿಷಯವನ್ನೂ ಹೇಳಿದೆ. ಅವಳು ಎದ್ದು ಬಾಗಿಲು ತೆರೆದು, ಈಗ ಹೋಗು ನೀನು, ಎಂದಳು.

ಮಾರ್ಚ್ ೧೮, ಬುಧವಾರ

ಯಜಮಾನರ ಕೋಣೆಯಲ್ಲಿ ನಿಂತೇ ಹೇಳಿದೆ. ಕಲ್ಲು ಕೆತ್ತಿ ಆಗಿದೆ, ಗೋಡೆಗೆ ಕೂರಿಸಿಯೂ ಆಗಿದೆ, ನಿಲಯದ ಮೊಹರಿನ ಕಾಗದ ಸಮಿತಿಯ ಕೈಯಲ್ಲಿದೆ ಎಂದರು. ಈ ವರ್ಷ ಹೀಗೇ ಓದಿಬಿಡಿ, ಬರುವ ವರ್ಷ ಸದ್ದಿಲ್ಲದೆ ತಿದ್ದೋಣ ಎಂದರು. ಅವರ ಮಾತು ಅರ್ಥವಿಲ್ಲದ್ದಲ್ಲ. ಅವರೂ ಮೇಲಿನವರಿಗೆ ಉತ್ತರ ಹೇಳಬೇಕು.

“ಬರುವ ವರ್ಷಕ್ಕೆ ಆಕೆಗೆ ಎಪ್ಪತ್ತೊಂಬತ್ತು, ಸಾರ್.”

“ಮಹಾರಾಜರೇ, ನಾಳೆ ಚೀಟಿ ಬಿಟ್ಟು ಒಂದು ಮಾತು ಆಡಿದ್ರೂ ಮೈಕು ನಿಮ್ಮದಲ್ಲ. ತಿಳೀತಾ?”

ತಿಳಿಯಿತು ಎಂದೆ.

ಹೊರಗೆ ಬಂದರೆ ಎರಡು ಸಾಕ್ಷಿ ಹತ್ತೊಂಬತ್ತಕ್ಕೆ ಹೊಸ ಚೀಟಿ ಬರೆದು ನನ್ನ ಮೇಜಿನ ಮೇಲಿಟ್ಟಿದ್ದಳು. ಹಳೆಯದೂ ಪಕ್ಕದಲ್ಲೇ ಇತ್ತು. ಹೊಸದರ ಕೆಳಗೆ ಸಾಕ್ಷಿ ಒಂದು: ಅಗ್ನಿಶಾಮಕ ದಳದ ವರದಿ. ಸಾಕ್ಷಿ ಎರಡು ಎಂಬಲ್ಲಿ ಗೆರೆ ಮಾತ್ರ. ನಾನು ಅದರ ಮೇಲೆ ಹೆಸರು ಬರೆದೆ. ಬಾಲ ಹಾಕಲಿಲ್ಲ.

ಮಾರ್ಚ್ ೧೯, ಗುರುವಾರ

ಆರು ನಲವತ್ತು. ಗಾಜಿನಾಚೆ ಯಜಮಾನರು. ಈ ಹೊತ್ತಿಗೆ ಅವರು ಎಂದೂ ಬಂದವರಲ್ಲ. ತಂತ್ರಜ್ಞನ ಕೈ ಗುಂಡಿಯ ಮೇಲಿತ್ತು. ಎರಡು ಸಾಕ್ಷಿ ಬಾಗಿಲಿಗೆ ಒರಗಿ ನಿಂತಿದ್ದಳು.

ಒಂದು ಸೇತುವೆ ತೆರೆಯಿತು, ಒಬ್ಬ ಗಣಿತಜ್ಞೆ ಹುಟ್ಟಿದಳು, ಒಂದು ಯುದ್ಧ ನಿಂತಿತು ಎಂದು ಓದಿದೆ. ಆಮೇಲೆ ಓದಿದೆ:

“ನಲವತ್ತು ವರ್ಷದ ಹಿಂದೆ ಈ ದಿನ ನಮ್ಮ ನಾಟಕ ಮಂದಿರಕ್ಕೆ ಬೆಂಕಿ ಬಿತ್ತು. ಕಬ್ಬಿಣದ ಪರದೆಯ ಚಕ್ರ ತಿರುಗಿಸಿ ಇನ್ನೂರು ಜನರನ್ನು ಉಳಿಸಿದವರು ಕಂಪನಿಯ ಬಟ್ಟೆ ಹೊಲಿಯುವ ಹೆಂಗಸು. ಅವರ ಎರಡೂ ಅಂಗೈ ಸುಟ್ಟವು. ಅವರು ಇಂದಿಗೂ ಈ ಊರಿನಲ್ಲಿ ಹೊಲಿಯುತ್ತಿದ್ದಾರೆ. ಪರದೆ ಎಳೆಯುವಾತ ಇಳಿಸಿದನೆಂದು ಹನ್ನೊಂದು ವರ್ಷ ನಾನು ಹೇಳಿದ್ದು ಸುಳ್ಳು. ಆತ ನಮ್ಮಪ್ಪ. ಆತ ಓಡಿದ. ನಾನೂ ಓಡಿದೆ. ಆತ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ.”

ಇನ್ನೂ ಒಂದು ನಿಮಿಷ ಉಳಿದಿತ್ತು. ತುಂಬಲಿಲ್ಲ. ತಂತ್ರಜ್ಞ ಗುಂಡಿ ಒತ್ತದೆ ಹಾಗೆಯೇ ಬಿಟ್ಟ. ಒಂದು ನಿಮಿಷ ಊರಿಗೆಲ್ಲ ನನ್ನ ಉಸಿರು ಕೇಳಿಸಿರಬೇಕು.

ಮಂದಿರದ ಪ್ರಾರಂಭೋತ್ಸವ ನಡೆಯಿತಂತೆ. ಫಲಕದ ಮೇಲಿನ ಮುಸುಕು ಹಾಗೆಯೇ ಇದೆಯಂತೆ. ನಾನು ಹೋಗಲಿಲ್ಲ. ಅಕ್ಕ ಹೋಗಿದ್ದಳಂತೆ. ಬೀದಿಯವರನ್ನೆಲ್ಲ ಕರೆದುಕೊಂಡೇ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳಂತೆ.

ಮಾರ್ಚ್ ೨೦, ಶುಕ್ರವಾರ

ಅಂಚೆ ಬಂತು. ಕಾರ್ಡು ಇರಲಿಲ್ಲ.

ಏಪ್ರಿಲ್ ಒಂದರಿಂದ ಎರಡು ಸಾಕ್ಷಿಯೇ ಓದುತ್ತಾಳಂತೆ. ಅವಳ ದನಿ ಸಣ್ಣದು. ಮೈಕಿಗೆ ಎಷ್ಟು ಹತ್ತಿರ ಕೂರಬೇಕೆಂದು ತೋರಿಸಿಕೊಟ್ಟೆ.

ಮಾರ್ಚ್ ೨೨, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಿನಗೆ ಕಣ್ಣು ಕಾಣಲ್ಲ, ನಾನೂ ಬರ್ತೀನಿ ಎಂದಳು.

ಹೊಲಿಗೆಯಮ್ಮ ದಿಂಬನ್ನು ನಮ್ಮ ಮುಂದೆ ತಳ್ಳಿದಳು. ಅಕ್ಕ ದಾರ ಕತ್ತರಿಸಿ ಕೊಟ್ಟಳು, ನಾನು ಪೋಣಿಸಿದೆ. ಮೊದಲನೆಯದಕ್ಕೇ ಬಹಳ ಹೊತ್ತು ಹಿಡಿಯಿತು. ದಾರವನ್ನು ಸೂಜಿಯ ಕಡೆ ಒಯ್ಯಬಾರದು, ಸೂಜಿಯನ್ನು ದಾರದ ಕಡೆ ತರಬೇಕಂತೆ. ಅಪ್ಪ ಹಾಗೆ ಮಾಡುತ್ತಿದ್ದನಂತೆ.

ಒಂಬತ್ತು ಸೂಜಿ ಆದವು. ಅಪ್ಪ ಮೂವತ್ತು ಮಾಡುತ್ತಿದ್ದ.

ಮುಂದಿನ ಭಾನುವಾರ ಕನ್ನಡಕ ಮರೆಯಬಾರದು.